ಓದುಗರ ಪ್ರಶ್ನೆ, ನಮ್ಮ ಉತ್ತರ: ಮಕ್ಕಳ ಕೈಗೆ ಮೊದಲ ಏರ್ ರೈಫಲ್

ಪ್ರಶ್ನೆ: ನಾವು ಪುಣೆಯ ಕೋಥರೂಡಿನಲ್ಲಿರುವವರು. ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಏರ್ ರೈಫಲ್‌ನಲ್ಲಿ ಕಂಚು ಗೆದ್ದಂದಿನಿಂದ ಮಗಳಿಗೆ ಶೂಟಿಂಗ್ ಕಲಿಯುವ ಹಟ. ಈಗ ಅವಳಿಗೆ 12 ವರ್ಷ. ನಾಲ್ಕು ತಿಂಗಳಿಂದ ವಾರಕ್ಕೆರಡು ದಿನ ಬಾಲೇವಾಡಿ ಕಡೆಯ ರೇಂಜಿಗೆ ಹೋಗಿ ಅಲ್ಲಿಯ ರೈಫಲ್‌ನಲ್ಲೇ ಅಭ್ಯಾಸ ಮಾಡುತ್ತಿದ್ದಾಳೆ. ಸ್ವಂತ ರೈಫಲ್ ಕೊಡಿಸಬೇಕೆಂದು ಅಂಗಡಿಗೆ ಹೋದಾಗ ಮೂರನ್ನು ತೋರಿಸಿದರು: ಬ್ಯಾರಲ್ ಬಗ್ಗಿಸಿ ಪೆಲೆಟ್ (ಸೀಸದ ಸಣ್ಣ ಗುಂಡು) ತುಂಬುವ ಸ್ಪ್ರಿಂಗ್ ರೈಫಲ್, ನಮ್ಮ ದೇಶದಲ್ಲೇ ತಯಾರಾದ ಪಿಸಿಪಿ (ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವ) ರೈಫಲ್, ಮತ್ತು ಯಾರೋ ಬಳಸಿ ಬಿಟ್ಟ ಜರ್ಮನ್ ಪಿಸಿಪಿ. ಹೆಚ್ಚು ವೇಗದ್ದನ್ನು ತೆಗೆದುಕೊಂಡರೆ ಮುಂದೆಯೂ ಉಪಯೋಗಕ್ಕೆ ಬರುತ್ತದೆ ಎಂಬುದು ನಮ್ಮ ಭಾವನವರ ಸಲಹೆ. ಯಾವುದನ್ನು ಯಾವ ಲೆಕ್ಕದಲ್ಲಿ ಅಳೆಯಬೇಕು?
— ಒಬ್ಬ ತಾಯಿ, ಪುಣೆ

ಉತ್ತರ: ಮೊದಲು ಒಂದು ಸಣ್ಣ ತಿದ್ದುಪಡಿ. 2024ರಲ್ಲಿ ಕುಸಾಳೆ ಅವರಿಗೆ ಪದಕ ಬಂದದ್ದು 50 ಮೀಟರ್ ತ್ರೀ ಪೊಸಿಷನ್ ಸ್ಪರ್ಧೆಯಲ್ಲಿ. ಅಲ್ಲಿ ಬಳಸುವುದು ಸಿಡಿಮದ್ದಿನ ಸಣ್ಣ ಬೋರಿನ ರೈಫಲ್. 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಅವರ ಚಿನ್ನ, 2012ರ ಲಂಡನ್‌ನಲ್ಲಿ ಗಗನ್ ನಾರಂಗ್ ಅವರ ಕಂಚು, 2022ರಲ್ಲಿ ಕೈರೋದಲ್ಲಿ ಠಾಣೆಯ ರುದ್ರಾಂಕ್ಷ್ ಪಾಟೀಲ್ ಗೆದ್ದ ವಿಶ್ವ ಚಾಂಪಿಯನ್ ಪಟ್ಟ, ಇವು ನಿಮ್ಮ ಮಗಳು ಕಲಿಯುತ್ತಿರುವ 10 ಮೀಟರ್ ಏರ್ ರೈಫಲ್‌ನವು. ಹಟ ಯಾವುದರಿಂದ ಹುಟ್ಟಿದರೇನು, ಹುಟ್ಟಿದ್ದು ಒಳ್ಳೆಯದೇ.

ಇನ್ನು ಭಾವನವರ ಸಲಹೆ. ಬಹಳಷ್ಟು ಮನೆಗಳಲ್ಲಿ ಹಣ ಪೋಲಾಗುವುದು ಇದೇ ಮಾತಿನಿಂದ. ಹತ್ತು ಮೀಟರ್ ಸ್ಪರ್ಧೆಯ ರೈಫಲ್‌ನಿಂದ ಪೆಲೆಟ್ ಹೊರಡುವುದು ಸೆಕೆಂಡಿಗೆ ಸುಮಾರು 170 ಮೀಟರ್, ಅಂದರೆ 560 ಅಡಿಯ ಆಸುಪಾಸಿನ ವೇಗದಲ್ಲಿ. ಒಲಿಂಪಿಕ್ಸ್‌ನಲ್ಲಿ ಕಾಣುವ ಲಕ್ಷಗಟ್ಟಲೆ ಬೆಲೆಯ ರೈಫಲ್‌ಗಳಿಗೂ ಇಷ್ಟೇ ವೇಗ ಸಾಕಾಗುತ್ತದೆ. ಸ್ಪ್ರಿಂಗ್ ರೈಫಲ್‌ನ ಪೆಟ್ಟಿಗೆಯ ಮೇಲೆ 1000 ಅಡಿ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದರೆ, ಒಳಗಿರುವ ಸ್ಪ್ರಿಂಗ್ ಅಷ್ಟು ಬಿರುಸಾಗಿದೆ ಎಂದು ಅರ್ಥ; ಆ ಬಿರುಸನ್ನು ಪ್ರತಿ ಗುಂಡಿಗೂ ಬಗ್ಗಿಸಬೇಕಾದದ್ದು ನಿಮ್ಮ ಮಗಳ ತೋಳು. ಸ್ಪರ್ಧೆಯಲ್ಲಿ 60 ಗುಂಡು, ಅದಕ್ಕೆ ಮುಂಚಿನ ಹೊಂದಾಣಿಕೆಯ ಗುಂಡುಗಳು ಬೇರೆ. ಇಪ್ಪತ್ತನೆಯ ಗುಂಡಿಗೇ ಭುಜ ಸೋತರೆ, ಆಮೇಲೆ ಅವಳು ಕಲಿಯುವುದು ಸೋತ ಭುಜದ ಅಭ್ಯಾಸವನ್ನು.

ಸ್ಪ್ರಿಂಗ್ ರೈಫಲ್‌ನ ತೊಡಕು ಇನ್ನೊಂದಿದೆ, ಅದು ಇದಕ್ಕಿಂತ ಸೂಕ್ಷ್ಮವಾದದ್ದು. ಅದರೊಳಗೆ ಭಾರವಾದ ಪಿಸ್ಟನ್ ಒಂದಿರುತ್ತದೆ. ಟ್ರಿಗರ್ ಎಳೆದೊಡನೆ ಅದು ಮುಂದಕ್ಕೆ ನುಗ್ಗಿ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಪೆಲೆಟನ್ನು ದೂಡುತ್ತದೆ. ಪೆಲೆಟ್ ಬ್ಯಾರಲ್ ಬಿಡುವ ಮೊದಲೇ ರೈಫಲ್ ಒಮ್ಮೆ ಹಿಂದಕ್ಕೆ ಜಗ್ಗಿ ಮುಂದಕ್ಕೆ ಬರಲು ತೊಡಗಿರುತ್ತದೆ. ಹಿಡಿತ ಒಂದು ಗುಂಡಿನಿಂದ ಇನ್ನೊಂದಕ್ಕೆ ಸ್ವಲ್ಪವೇ ಬದಲಾದರೂ ಆ ಜಗ್ಗಾಟದ ದಾರಿ ಬದಲಾಗಿ ಪೆಲೆಟ್ ಬೇರೆಡೆ ಬೀಳುತ್ತದೆ. ನುರಿತವರು ಇದನ್ನು ಪಳಗಿಸಬಲ್ಲರು. ಕಲಿಯುವ ಮಗುವಿಗೆ ಮಾತ್ರ ಇದು ದೊಡ್ಡ ಗೊಂದಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ನೆಲ ನಿಜವಾಗಿಯೂ ಡೊಂಕಾಗಿದ್ದರೆ, ಈಗಷ್ಟೇ ಹೆಜ್ಜೆ ಹಾಕುತ್ತಿರುವ ಹುಡುಗಿಗೆ ತಪ್ಪು ಕಾಲಿನದೋ ನೆಲದ್ದೋ ತಿಳಿಯುವುದು ಹೇಗೆ? ಮೊದಲ ರೈಫಲ್‌ನಿಂದ ನಾನು ಬಯಸುವುದು ಇದನ್ನೇ: ಗುಂಡು ಹತ್ತರ ಬದಲು ಎಂಟಕ್ಕೆ ಬಿದ್ದಾಗ ಅದು ತನ್ನದೇ ತಪ್ಪು ಎಂದು ಮಗುವಿಗೆ ಖಾತ್ರಿಯಾಗಬೇಕು.

ಪಿಸಿಪಿ ರೈಫಲ್‌ನಲ್ಲಿ ಗಾಳಿಯನ್ನು ಮೊದಲೇ ಸಿಲಿಂಡರಿನಲ್ಲಿ ತುಂಬಿಟ್ಟಿರುವುದರಿಂದ ಈ ಜಗ್ಗಾಟ ಇಲ್ಲವೆನ್ನುವಷ್ಟು ಕಡಿಮೆ, ಪೆಲೆಟ್ ತುಂಬುವಾಗ ಬೇಕಾಗುವುದು ಬೆರಳಿನ ಬಲ ಮಾತ್ರ. ಆದ್ದರಿಂದ ಮೂರರಲ್ಲಿ ಸ್ಪ್ರಿಂಗ್ ರೈಫಲನ್ನು ನಾನು ಕೈಬಿಡುತ್ತೇನೆ. ಆದರೂ ಅದನ್ನೇ ಕೊಳ್ಳುವವರಿಗೆ ಎರಡು ಮಾತು: ಬಗ್ಗಿಸಿದ ಬ್ಯಾರಲನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಪೆಲೆಟ್ ಇಡಬೇಕು, ಇಲ್ಲದಿದ್ದರೆ ಅದು ಚಿಮ್ಮಿ ಮುಚ್ಚಿಕೊಂಡಾಗ ಬೆರಳು ಜಜ್ಜಿಹೋಗುತ್ತದೆ, ಪೆಲೆಟ್ ಇಲ್ಲದೆ ಬರಿದೇ ಹೊಡೆಯಬಾರದು, ಪಿಸ್ಟನ್‌ಗೆ ಗಾಳಿಯ ಮೆತ್ತೆ ಸಿಗದೆ ಅದು ತುದಿಗೆ ಅಪ್ಪಳಿಸುತ್ತದೆ.

ಉಳಿದ ಎರಡರಲ್ಲಿ ಆರಿಸಲು ಮಗಳನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಅವಳು ಮೊಣಕೈಯನ್ನು ಮಡಿಸಲಿ, ಬಟ್ಟಿನ (ರೈಫಲ್‌ನ ಭುಜಕ್ಕೆ ಊರುವ ಹಿಂಭಾಗದ) ತುದಿ ಆ ಮಡಿಕೆಯೊಳಗೆ ಕೂರಲಿ. ಆಗ ತೋರುಬೆರಳಿನ ಮೊದಲ ಗೆಣ್ಣಿನ ಮುಂಭಾಗ ಆರಾಮವಾಗಿ ಟ್ರಿಗರ್ ಮೇಲೆ ಬರಬೇಕು. ಬೆರಳು ತಲುಪಲು ಅವಳು ಭುಜವನ್ನು ಮುಂದಕ್ಕೆ ಚಾಚಿದರೆ ಸ್ಟಾಕ್ ಉದ್ದವಾಯಿತು. ಆಮೇಲೆ ಅವಳು ಕಣ್ಣು ಮುಚ್ಚಿ ರೈಫಲ್ ಎತ್ತಿ, ಕೆನ್ನೆಯನ್ನು ಸ್ಟಾಕಿಗೆ ತಾಗಿಸಿ, ಕಣ್ಣು ತೆರೆಯಲಿ. ಗುರಿ ನೋಡುವ ಹಿಂದಿನ ಸೈಟ್‌ನ ರಂಧ್ರ ನೇರವಾಗಿ ಕಣ್ಣ ಮುಂದೆ ಇದ್ದರೆ ಸರಿ. ಅದನ್ನು ಹುಡುಕಲು ಕತ್ತನ್ನು ಬಾಗಿಸಬೇಕಾಗಿ ಬಂದರೆ ಕೆನ್ನೆಯ ಆಧಾರವನ್ನು ಏರಿಸಿ ಇಳಿಸುವ ತಿರುಪು ಇದೆಯೇ ನೋಡಿ. ಬಟ್ ಪ್ಲೇಟ್ ಮತ್ತು ಕೆನ್ನೆಯ ಆಧಾರ ಎರಡೂ ಹೊಂದಿಸಲು ಬರುವಂತಿದ್ದರೆ ಅದೇ ರೈಫಲ್ ಮೂರು ನಾಲ್ಕು ವರ್ಷ ಅವಳ ಜೊತೆ ಬೆಳೆಯುತ್ತದೆ. ಅವಳು ಎಡಗೈಯವಳಾಗಿದ್ದರೆ, ಅಥವಾ ಬಲಗೈಯವಳಾಗಿದ್ದೂ ಎಡಗಣ್ಣು ಪ್ರಬಲವಾಗಿದ್ದರೆ, ಹಣ ಕೊಡುವ ಮೊದಲು ಕೋಚ್ ಹತ್ತಿರ ಮಾತಾಡಿ.

ತೂಕದ ವಿಷಯಕ್ಕೆ ಅಂಗಡಿಯವರು ಹೆಚ್ಚು ಗಮನ ಕೊಡುವುದಿಲ್ಲ. ನಿಯಮದಂತೆ ಸೈಟ್ ಸಮೇತ ರೈಫಲ್ 5.5 ಕಿಲೋ ಮೀರಬಾರದು. ದೊಡ್ಡವರು ಆ ಮಿತಿಯ ಸಮೀಪವೇ ಇರಲು ಇಷ್ಟಪಡುತ್ತಾರೆ, ಏಕೆಂದರೆ ಭಾರವಾದದ್ದು ಕಡಿಮೆ ಅಲುಗುತ್ತದೆ. ಆದರೆ 35 ಕಿಲೋ ತೂಗುವ ಮಗು 5 ಕಿಲೋ ರೈಫಲ್ ಎತ್ತುವುದು 70 ಕಿಲೋ ತೂಗುವ ಅಪ್ಪ 10 ಕಿಲೋ ಅಕ್ಕಿ ಚೀಲವನ್ನು ಎದೆಯೆತ್ತರಕ್ಕೆ ಹಿಡಿದು ನಿಂತಂತೆ. ಅದನ್ನು ತಾಳಲು ಮಗು ಸೊಂಟವನ್ನು ಮುಂದೆ ದೂಡಿ ಬೆನ್ನನ್ನು ಹಿಂದಕ್ಕೆ ಬಾಗಿಸುತ್ತದೆ, ಬೆಳೆಯುವ ಬೆನ್ನುಮೂಳೆಗೆ ಅದು ಒಳ್ಳೆಯದಲ್ಲ. ಮೂರೂವರೆಯಿಂದ ನಾಲ್ಕು ಕಿಲೋ ಒಳಗಿನ ಜೂನಿಯರ್ ಮಾದರಿಯನ್ನು ಕೇಳಿ. ಅಂಗಡಿಯಲ್ಲೇ ಒಂದು ನಿಮಿಷ ನಿಂತ ಭಂಗಿಯಲ್ಲಿ ಹಿಡಿಯಲು ಹೇಳಿ, ನೀವು ಬ್ಯಾರಲ್ ತುದಿಯನ್ನು ನೋಡಬೇಡಿ, ಅವಳ ಬೆನ್ನನ್ನು ನೋಡಿ.

ಹಳೆಯ ಜರ್ಮನ್ ರೈಫಲ್ ಅಗ್ಗವಾಗಿ ಕಾಣಬಹುದು. ಬ್ಯಾರಲ್ ಮತ್ತು ಟ್ರಿಗರ್ ಚೆನ್ನಾಗಿಯೇ ಇರಬಹುದು, ಅವು ಬೇಗ ಸವೆಯುವ ಭಾಗಗಳಲ್ಲ. ನೋಡಬೇಕಾದದ್ದು ಸಿಲಿಂಡರನ್ನು. ಅದರೊಳಗಿನ ಒತ್ತಡ ಸಾಮಾನ್ಯವಾಗಿ 200 ಬಾರ್, ಕಾರಿನ ಚಕ್ರದಲ್ಲಿರುವುದಕ್ಕಿಂತ ಸುಮಾರು ತೊಂಬತ್ತು ಪಟ್ಟು. ಅದಕ್ಕಾಗಿಯೇ ಸಿಲಿಂಡರ್ ಮೇಲೆ ತಯಾರಾದ ದಿನಾಂಕವನ್ನು ಕೆತ್ತಿರುತ್ತಾರೆ. ಜರ್ಮನ್ ತಯಾರಕರು ಸಾಮಾನ್ಯವಾಗಿ ಹೇಳುವ ಆಯುಷ್ಯ 10 ವರ್ಷ, ಅವಧಿ ಮೀರಿದ್ದನ್ನು ಸ್ಪರ್ಧೆಗೆ ತರದಿರುವ ಹೊಣೆ ಶೂಟರ್‌ನದೇ. ಮಾರುವವರು ರೈಫಲನ್ನು ಎಷ್ಟೇ ಹೊಳಪಾಗಿ ಒರೆಸಿ ತೋರಿಸಲಿ, ನೀವು ಸಿಲಿಂಡರನ್ನು ಬೆಳಕಿಗೆ ಹಿಡಿದು ಆ ಸಣ್ಣ ಅಂಕಿಗಳನ್ನು ಓದಿ, ಹೊಸ ಸಿಲಿಂಡರಿನ ಬೆಲೆಯನ್ನು ಕೂಡಿಸಿದ ಮೇಲೆ ಅಗ್ಗವೋ ಅಲ್ಲವೋ ತೀರ್ಮಾನಿಸಿ. ತುಂಬುವುದು ಒಣ ಗಾಳಿಯನ್ನು ಮಾತ್ರ, ದೊಡ್ಡವರ ಕೈಯಿಂದ ಮಾತ್ರ. ಆಸ್ಪತ್ರೆಗೆ ಕೊಡುವ ಆಮ್ಲಜನಕದ ಸಿಲಿಂಡರ್ ಹತ್ತಿರದಲ್ಲೇ ಸಿಗುತ್ತದೆ ಎಂದು ಯಾರಾದರೂ ಸೂಚಿಸಿದರೆ ಅವರ ಮಾತನ್ನು ಮುಂದೆಂದೂ ಕೇಳಬೇಡಿ. ಎಣ್ಣೆಯ ಪಸೆಗೆ ಒತ್ತಡದ ಆಮ್ಲಜನಕ ತಗಲಿದರೆ ಅದು ಸ್ಫೋಟಿಸುತ್ತದೆ.

ಹೀಗೆಲ್ಲ ಬರೆದ ಮೇಲೆ ನನ್ನ ಅಭಿಪ್ರಾಯ: ಇನ್ನೂ ಎರಡು ಮೂರು ತಿಂಗಳು ರೇಂಜಿನ ರೈಫಲ್‌ನಲ್ಲೇ ಇರಲಿ, ಆಮೇಲೂ ಹಟ ಉಳಿದಿದ್ದರೆ ಮೈಗೆ ಹೊಂದುವ ದೇಶೀ ಪಿಸಿಪಿಯನ್ನು ತೆಗೆದುಕೊಳ್ಳಿ. ಶೂಟಿಂಗ್‌ಗೆ ಹಾಕುವ ಗಟ್ಟಿ ಕ್ಯಾನ್‌ವಾಸಿನ ಜಾಕೆಟ್ಟನ್ನು ಈಗಲೇ ಹೊಲಿಸಬೇಡಿ, ಆರು ತಿಂಗಳಲ್ಲಿ ಗುಂಡಿ ಹಾಕಲು ಬರದಂತಾಗುತ್ತದೆ.

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಹೊಸ ರೈಫಲ್ ಕೊಡಿಸಿ ಒಂದು ವರ್ಷವಾಯಿತು, ಗುಂಡುಗಳು ಏಳಕ್ಕೂ ಎಂಟಕ್ಕೂ ಚದುರುತ್ತವೆ. ರೈಫಲ್ ಸರಿಯಿಲ್ಲ ಎಂದು ಅವನು, ಅಭ್ಯಾಸ ಸಾಲದು ಎಂದು ನಾನು. ತೀರ್ಪು ಹೇಳುವಿರಾ?
— ಒಬ್ಬ ತಂದೆ, ಚಿಂಚ್‌ವಾಡ

ಉತ್ತರ: ತೀರ್ಪನ್ನು ಕಾಗದವೇ ಹೇಳುತ್ತದೆ. ಹತ್ತು ಮೀಟರ್ ಏರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್, ಒಂಬತ್ತರ ವೃತ್ತದ್ದು 5.5 ಮಿಲಿಮೀಟರ್, ಎಂಟರದ್ದು 10.5. ಪೆಲೆಟ್‌ನ ಅಗಲ 4.5 ಮಿಲಿಮೀಟರ್, ಅದರ ಅಂಚು ಗೆರೆಗೆ ತಾಗಿದರೂ ಆ ಅಂಕ ಸಿಗುತ್ತದೆ. ಆದ್ದರಿಂದ ಪೆಲೆಟ್‌ನ ನಡುಬಿಂದು ಟಾರ್ಗೆಟ್‌ನ ಕೇಂದ್ರದಿಂದ ಎರಡೂವರೆ ಮಿಲಿಮೀಟರ್ ಒಳಗೆ ಬಿದ್ದರೆ ಹತ್ತು, ಐದರ ಒಳಗೆ ಬಿದ್ದರೆ ಒಂಬತ್ತು, ಏಳೂವರೆಯ ಒಳಗೆ ಬಿದ್ದರೆ ಎಂಟು.

ಈಗ ರೈಫಲನ್ನು ಮಗನ ಕೈಯಿಂದ ಬಿಡಿಸಿ, ರೇಂಜಿನ ಮೇಜಿನ ಮೇಲೆ ಮರಳಿನ ಚೀಲವಿಟ್ಟು, ಅದರ ಮೇಲೆ ಕೂರಿಸಿ, ಕೋಚ್ ಹತ್ತು ಗುಂಡು ಹೊಡೆಯಲಿ. ಎಲ್ಲಿ ಬಿದ್ದವು ಎಂಬುದು ಮುಖ್ಯವಲ್ಲ, ಎಷ್ಟು ಒತ್ತಾಗಿ ಬಿದ್ದವು ಎಂಬುದು ಮುಖ್ಯ. ಜಾಗವನ್ನು ಸೈಟ್ ತಿರುಗಿಸಿ ಸರಿಪಡಿಸಬಹುದು. ತೀರಾ ದೂರದ ಎರಡು ತೂತುಗಳ ಹೊರ ಅಂಚುಗಳ ನಡುವಿನ ಅಂತರವನ್ನು ಅಳೆದು ಅದರಿಂದ 4.5 ಕಳೆಯಿರಿ. ಉಳಿದದ್ದು 5 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ರೈಫಲ್ ಅವನ ಹತ್ತನ್ನು ಕಸಿಯುತ್ತಿಲ್ಲ, ನೀವು ಹೇಳಿದ್ದು ಸರಿ. ಅದು 10 ಮಿಲಿಮೀಟರ್ ದಾಟಿದರೆ ಮಗ ಹೇಳಿದ್ದರಲ್ಲಿ ಹುರುಳಿದೆ.

ಆಗಲೂ ರೈಫಲ್ ಮಾರಲು ಹೊರಡಬೇಡಿ. ಮೊದಲು ಪೆಲೆಟ್ ಬದಲಾಯಿಸಿ. ಟಾರ್ಗೆಟ್‌ಗೆ ಬೇಕಾದದ್ದು ಮುಂಭಾಗ ಚಪ್ಪಟೆಯಾಗಿರುವ ಸೀಸದ ಪೆಲೆಟ್. ಕಾಗದದಲ್ಲಿ ಅದು ಪಂಚಿಂಗ್ ಯಂತ್ರದಂತೆ ಗುಂಡಗಿನ ಸ್ವಚ್ಛ ತೂತು ಮಾಡುತ್ತದೆ, ಮೊನೆಯಿರುವುದು ಹರಿದು ಹಾಕುತ್ತದೆ. ಒಂದೇ ಬ್ಯಾರಲ್‌ಗೆ ಒಂದು ಡಬ್ಬಿಯ ಪೆಲೆಟ್ ಒಗ್ಗಿ ಇನ್ನೊಂದು ಒಗ್ಗದಿರುವುದು ಸಾಮಾನ್ಯ, ಮೂರು ನಾಲ್ಕು ಬಗೆಯವನ್ನು ಇದೇ ರೀತಿ ಮೇಜಿನ ಮೇಲೆ ಪರೀಕ್ಷಿಸಿ. ಸ್ಟಾಕಿನ ತಿರುಪುಗಳು, ಸೈಟ್‌ನ ತಿರುಪುಗಳು ಬಿಗಿಯಾಗಿವೆಯೇ ನೋಡಿ; ಸ್ಕೂಟಿಯಲ್ಲಿ ಕಾಲಿನ ಬಳಿ ನಿಲ್ಲಿಸಿಕೊಂಡು ಪುಣೆಯ ಹಳ್ಳದ ರಸ್ತೆಗಳಲ್ಲಿ ಒಯ್ಯುವ ರೈಫಲ್‌ಗೆ ಅವು ಸಡಿಲವಾಗದಿದ್ದರೇ ಆಶ್ಚರ್ಯ. ಹೀಗೆ ಸಡಿಲವಾದ ಹಿಂಬದಿಯ ಸೈಟ್‌ನಿಂದಾಗಿ ನಾನೇ ಒಂದು ಮಳೆಗಾಲ ಪೂರ್ತಿ ನನ್ನ ಉಸಿರಾಟವನ್ನು ಬೈದುಕೊಂಡಿದ್ದೆ.

ಕೊನೆಗೆ ಟ್ರಿಗರ್. ಏರ್ ಪಿಸ್ತೂಲಿಗೆ 500 ಗ್ರಾಮ್‌ನ ಕನಿಷ್ಠ ಮಿತಿಯಿದೆ, ಏರ್ ರೈಫಲ್‌ಗೆ ಅಂಥ ಮಿತಿಯಿಲ್ಲ. ಹಾಗೆಂದು ಮುಟ್ಟಿದರೆ ಸಿಡಿಯುವಂತೆ ಹಗುರ ಮಾಡಿಸಬೇಡಿ. ಬೆರಳು ಮೊದಲ ಹಂತದ ಸಡಿಲನ್ನು ದಾಟಿ ಎರಡನೆಯ ಹಂತದ ಗೋಡೆಗೆ ತಾಗಿ ನಿಂತದ್ದು ಅವನಿಗೆ ಸ್ಪಷ್ಟವಾಗಿ ಗೊತ್ತಾಗಬೇಕು, ಅಷ್ಟು ಸಾಕು.

ಪ್ರಶ್ನೆ: ಧಾರವಾಡದಿಂದ ವಾಕಡಿನ ಮಗನ ಮನೆಗೆ ಬಂದಿದ್ದೇನೆ. ಮೊಮ್ಮಗನಿಗೆ ಏರ್ ರೈಫಲ್ ತಂದಿದ್ದಾರೆ. ಇದಕ್ಕೆ ಲೈಸೆನ್ಸ್ ಬೇಡವೇ? ಟೆರೇಸಿನ ಮೇಲೆ ಅಭ್ಯಾಸ ಮಾಡಬಹುದೇ? ಪಾರಿವಾಳಗಳ ಕಾಟವೂ ಕಡಿಮೆಯಾಗುತ್ತದೆ ಎಂದು ಪಕ್ಕದ ಮನೆಯವರು ನಗುತ್ತಾರೆ.
— ಒಬ್ಬ ಅಜ್ಜ

ಉತ್ತರ: ಬೋರ್ (ಬ್ಯಾರಲ್‌ನ ಒಳಗಿನ ಅಗಲ) 4.5 ಮಿಲಿಮೀಟರ್ ಮೀರದ, ಶಕ್ತಿ 20 ಜೌಲ್‌ಗಿಂತ ಕಡಿಮೆಯಿರುವ ಏರ್ ರೈಫಲ್‌ಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ. ಹತ್ತು ಮೀಟರ್ ಸ್ಪರ್ಧೆಯ ರೈಫಲ್‌ನ ಶಕ್ತಿ ಏಳೆಂಟು ಜೌಲ್ ಅಷ್ಟೇ. ಬಿಲ್ಲು ನಿಮ್ಮ ಮಗನ ಹೆಸರಿನಲ್ಲಿರಲಿ, ಅದರ ಪ್ರತಿಯನ್ನು ರೈಫಲ್ ಪೆಟ್ಟಿಗೆಯಲ್ಲೇ ಇಡಿ, ದಾರಿಯಲ್ಲಿ ಪೊಲೀಸರು ಕೇಳಿದರೆ ತೋರಿಸಲು ಬರುತ್ತದೆ.

ಟೆರೇಸು ಬೇಡವೇ ಬೇಡ. ಗುರಿ ತಪ್ಪಿದ ಪೆಲೆಟ್ ಹತ್ತು ಮೀಟರಿಗೆ ನಿಲ್ಲುವುದಿಲ್ಲ, ಎದುರಿನ ಕಟ್ಟಡದ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿರುವವರ ಕಣ್ಣಿಗೆ ಏಳೆಂಟು ಜೌಲ್ ಬೇಕಾದಷ್ಟಾಯಿತು. ಪಾರಿವಾಳದ ಮಾತು ನಗೆಯಲ್ಲೇ ಮುಗಿಯಲಿ: ಹಕ್ಕಿಗೆ ಹೊಡೆದರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಎದುರಾಗುತ್ತದೆ. ಮನೆಯಲ್ಲಿ ಮಾಡಬಹುದಾದ ಒಳ್ಳೆಯ ಅಭ್ಯಾಸವೆಂದರೆ ಪೆಲೆಟ್ ಇಲ್ಲದೆ ನಿಂತು ಹಿಡಿಯುವುದು, ಬರಿದೇ ಟ್ರಿಗರ್ ಎಳೆಯಲು ರೈಫಲ್‌ನಲ್ಲಿ ವ್ಯವಸ್ಥೆಯಿದ್ದರೆ ಅದು. ಮನೆಯ ಹಾಲ್‌ನಲ್ಲಿ ಐದೇ ಮೀಟರ್ ಜಾಗವಿದ್ದರೆ ಟಾರ್ಗೆಟನ್ನು ಅರ್ಧ ಅಳತೆಗೆ ಇಳಿಸಿ ಗೋಡೆಗೆ ಅಂಟಿಸಿ, ಕಣ್ಣಿಗೆ ಹತ್ತು ಮೀಟರಿನಷ್ಟೇ ಕಾಣುತ್ತದೆ.

ಬ್ಯಾರಲ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ಕಿತ್ತಳೆ ಬಣ್ಣದ ಸುರಕ್ಷತಾ ದಾರವನ್ನು ಹಾಯಿಸಿಟ್ಟರೆ ಒಳಗೆ ಪೆಲೆಟ್ ಇಲ್ಲವೆಂದು ದೂರದಿಂದಲೇ ತಿಳಿಯುತ್ತದೆ. ರೇಂಜಿನಲ್ಲಿ ಇದು ಕಡ್ಡಾಯ, ಮನೆಯಲ್ಲೂ ಇರಲಿ. ಪೆಟ್ಟಿಗೆಗೆ ಬೀಗ ಹಾಕಿ, ಪೆಲೆಟ್ ಡಬ್ಬಿಯನ್ನು ಬೇರೆ ಕಪಾಟಿನಲ್ಲಿಡಿ. ಆ ಬೀಗದ ಕೈಯನ್ನು ನೀವೇ ಇಟ್ಟುಕೊಳ್ಳಿ. ಪೆಲೆಟ್ ಸೀಸದ್ದಾದ್ದರಿಂದ ಮೊಮ್ಮಗ ರೇಂಜಿನಿಂದ ಬಂದವನು ಸೋಪು ಹಚ್ಚಿ ಕೈ ತೊಳೆದ ಮೇಲೆಯೇ ತಿಂಡಿಯ ತಟ್ಟೆಗೆ ಕೈ ಹಾಕಲಿ.