ಹಡಗು ಹತ್ತಿ ಹೋದ ಅಜ್ಜ, ಉಳಿದದ್ದು ಒಂದು ಕಾಗದ

ಪ್ರಶ್ನೆ: ಸರ್, ನಮ್ಮ ಮುತ್ತಜ್ಜನ ತಮ್ಮ ಮೊದಲನೇ ಮಹಾಯುದ್ಧದ ಟೈಮಲ್ಲಿ ಮನೇಲಿ ಜಗಳ ಆಡ್ಕೊಂಡು ಬಾಂಬೆಗೆ ಹೋಗಿ ಇಂಗ್ಲಿಷರ ಹಡಗು ಹತ್ತಿದ್ರಂತೆ. ಒಂದ್ಸಲ ಬಂದು ಹೋದವರು ಮತ್ತೆ ಬರ್ಲೇ ಇಲ್ಲ. ಯಾವುದೋ ಬಂದರಲ್ಲಿ ಇಳಿದು ಓಡಿಹೋದ್ರು ಅಂತ ಕೆಲವರು, ಹಡಗು ಮುಳುಗಿ ಸತ್ರು ಅಂತ ಕೆಲವರು. ಟ್ರಂಕಲ್ಲಿ ಒಂದು ಡಿಸ್ಚಾರ್ಜ್ ಕಾಗದ (ಹಡಗಿನ ಕೆಲಸ ಮುಗಿಸಿ ಇಳಿಯುವಾಗ ಕೊಡೋದು) ಸಿಕ್ಕಿದೆ, ಹಡಗಿನ ಹೆಸರು ಅರ್ಧ ಹುಳ ತಿಂದಿದೆ, ಪಕ್ಕದಲ್ಲಿ ಆರಂಕಿ ನಂಬರ್ ಇದೆ, ಕೆಲಸ 'ಕಸಬ್' ಅಂತ ಬರೆದಿದೆ. ಇಷ್ಟರಲ್ಲಿ ಹುಡುಕೋಕಾಗುತ್ತಾ? ಅಲ್ಲೆಲ್ಲಾದ್ರೂ ಸಂಸಾರ ಮಾಡ್ಕೊಂಡಿದ್ರಾ ಅಂತಾನೂ ಗೊತ್ತಾಗುತ್ತಾ?

ಉತ್ತರ: ಹೆಸರು ಹುಳ ತಿಂದ್ರೆ ತಿನ್ಲಿ ಬಿಡಿ, ನಂಬರ್ ಉಳಿದಿದ್ಯಲ್ಲ. ಅದು ನಿಮ್ಮ ಅಜ್ಜನ ನಂಬರಲ್ಲ, ಹಡಗಿನದ್ದು, ಅಫಿಷಿಯಲ್ ನಂಬರ್ ಅಂತಾರೆ. ಹಡಗಿನ ಓನರ್ ಬದಲಾದ್ರೂ ಹೆಸರು ಬದಲಾದ್ರೂ ಬ್ರಿಟಿಷ್ ರಿಜಿಸ್ಟರಲ್ಲಿ ಇರೋತನಕ ಅದೇ ನಂಬರು. ಆ ಕಾಲದ ಸಿಬ್ಬಂದಿ ಪಟ್ಟಿಗಳನ್ನ ಕಟ್ಟಿಟ್ಟಿರೋದೂ ಈ ನಂಬರಿನ ಪ್ರಕಾರಾನೇ, ಅದಕ್ಕೇ ಅಜ್ಜನ ಹೆಸರು ಟೈಪ್ ಮಾಡಿ ಸಿಗ್ಲಿಲ್ಲ ಅಂತ ಕೈ ಬಿಡ್ಬೇಡಿ, ಗುಮಾಸ್ತ ಕಿವಿಗೆ ಕೇಳಿಸಿದ್ದನ್ನ ಇಂಗ್ಲಿಷಲ್ಲಿ ಬರ್ಕೊತಿದ್ದ, ಒಬ್ಬನೇ ಮನುಷ್ಯ ಮೂರು ಹಡಗಲ್ಲಿ ಮೂರು ಹೆಸರಾಗಿರ್ತಾನೆ.

ಮೊದ್ಲು 1915ರ ಪಟ್ಟಿ ನೋಡಿ, ಆ ವರ್ಷದ್ದನ್ನ ಪೂರ್ತಿ ಟೈಪ್ ಮಾಡಿ ಆನ್‌ಲೈನಲ್ಲಿ ಫ್ರೀಯಾಗಿ ಇಟ್ಟಿದ್ದಾರೆ, ಮೂಲ ಕಾಗದ ಲಂಡನ್ನಿನ ಗ್ರೀನಿಚ್‌ನಲ್ಲಿರೋ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂದು. 1863ರಿಂದ 1938ರವರೆಗಿನ ಪಟ್ಟಿಗಳಲ್ಲಿ ಸುಮಾರು 70 ಪರ್ಸೆಂಟ್ ಇರೋದು ಮಾತ್ರ ಇಂಗ್ಲೆಂಡಲ್ಲೇ ಅಲ್ಲ, ಕೆನಡಾದ ನ್ಯೂಫೌಂಡ್‌ಲ್ಯಾಂಡಲ್ಲಿ, ಮೆಮೋರಿಯಲ್ ಯೂನಿವರ್ಸಿಟಿಯ ಆರ್ಕೈವಲ್ಲಿ. ಅಲ್ಲಿಗೆ ಬರೆಯುವಾಗ ಹಡಗಿನ ನಂಬರ್ ಮತ್ತು ವರ್ಷ ಕೊಡಿ, ಮನೆತನದ ಕಥೆ ಎಲ್ಲ ಬರೆದ್ರೆ ಅವರಿಗೇನೂ ಉಪಯೋಗ ಇಲ್ಲ.

ಅಂದಹಾಗೆ 'ಕಸಬ್' ಅಂದ್ರೆ ನಮ್ಮ ಕಸುಬು ಅಲ್ಲ, ಕಟುಕನೂ ಅಲ್ಲ! ಹಡಗಿನ ಸ್ಟೋರ್ ನೋಡ್ಕೊಳ್ಳೋನು, ಹಗ್ಗ, ಬಣ್ಣ, ದೀಪ ಎಲ್ಲಾ ಅವನ ಸುಪರ್ದಿ. ಡೆಕ್ ಆಳುಗಳ ಮುಖ್ಯಸ್ಥ ಸಾರಂಗ, ಅವನ ಸಹಾಯಕ ತಾಂಡೇಲ, ಅವರ ಕೆಳಗೆ ಕಸಬ್. ಹೊಸಬನಿಗೆ ಬೀಗದ ಕೈ ಕೊಡಲ್ಲ, ಹಾಗಾಗಿ ನಿಮ್ಮ ಅಜ್ಜ ಅದಕ್ಕೂ ಮುಂಚೆ ಬೇರೆ ಹಡಗಲ್ಲಿ ದುಡಿದಿರ್ಬೇಕು ಅಂತ ನನ್ನ ಊಹೆ. ಪಟ್ಟೀಲಿ ಹಿಂದಿನ ಹಡಗು ಯಾವುದು ಅಂತಾನೂ ಒಂದು ಕಾಲಂ ಇರುತ್ತೆ, ಅದನ್ನ ಹಿಡ್ಕೊಂಡು ಹಿಂದಕ್ಕೆ ಹೋಗ್ತಾ ಹೋಗಿ.

ಓಡಿಹೋದ್ರಾ ಸತ್ರಾ ಅನ್ನೋದಕ್ಕೂ ಅದೇ ಪಟ್ಟೀಲಿ ಕಾಲಂ ಇದೆ, ಎಲ್ಲಿ ಇಳಿದ್ರು, ಯಾವ ದಿನ, ಯಾಕೆ ಅಂತ. ಡೆಸರ್ಟೆಡ್ ಅಂತಿದ್ರೆ ಬೇಜಾರ್ ಮಾಡ್ಕೊಬೇಡಿ, ಬಿಳಿಯರ ಸಂಬಳದ ಮೂರನೇ ಒಂದು ಭಾಗಾನೋ ಅದಕ್ಕಿಂತ ಕಮ್ಮೀನೋ ಕೊಟ್ಟು ದುಡಿಸ್ತಿದ್ದ ಹಡಗಿಂದ ಇಳಿದು ಹೋಗೋದು ನನಗಂತೂ ತಪ್ಪು ಅನ್ಸಲ್ಲ. ಯುದ್ಧದಲ್ಲಿ ಮುಳುಗಿದ್ರೆ ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕ ನೋಡ್ಕೊಳ್ಳೋ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟಲ್ಲೂ ನೋಡಿ, ಸಮುದ್ರವೇ ಸಮಾಧಿಯಾದ 2,000ಕ್ಕೂ ಹೆಚ್ಚು ನಾವಿಕರಿಗೆ ಮುಂಬೈನ ಸೇಲರ್ಸ್ ಹೋಮಲ್ಲಿ ಸ್ಮಾರಕ ಇದೆ. ಅಲ್ಲೂ ಸ್ಪೆಲ್ಲಿಂಗ್ ಕಾಟ ಇದ್ದೇ ಇರುತ್ತೆ, ನಾಲ್ಕೈದು ಥರ ಹೊಡೆದು ನೋಡಿ.

ಸಂಸಾರದ ವಿಷಯ ಹಡಗಿನ ಪಟ್ಟಿ ಹೇಳಲ್ಲ. ಅವರು ಕೊನೆಗೆ ಇಳಿದ ಬಂದರು ಯಾವುದು ಅಂತ ಮೊದ್ಲು ಗೊತ್ತಾಗ್ಲಿ, ಮದುವೆ ದಾಖಲೆ ಹುಡುಕೋದು ಆ ಊರಲ್ಲಿ.