ಮಾಲ್ಟಾ ಮತ್ತು ಸಿಂಗಾಪುರ: ಹಂದಿ ಗೊಬ್ಬರದ ಪ್ರಶ್ನೆಗೆ

ನಮಸ್ಕಾರ. ಎರಡೂ ಪುಟ್ಟ ದ್ವೀಪಗಳೇ, ಮತ್ತೆ ಹಂದಿ ಗೊಬ್ಬರದ ವಿಷಯದಲ್ಲಿ ದಾರಿ ಯಾಕೆ ಬೇರೆಯಾಯಿತು ಅಂತ ಕೇಳಿದ್ದೀರಿ. ನನ್ನ ಪ್ರಕಾರ ಉತ್ತರ ಕುಡಿಯುವ ನೀರಿನಲ್ಲಿದೆ.

ಸಿಂಗಾಪುರ ಮಳೆನೀರನ್ನು ಜಲಾಶಯಗಳಲ್ಲಿ ಹಿಡಿದಿಡುತ್ತದೆ. ಹಂದಿಗೂಡು ತೊಳೆದ ನೀರು ಅಲ್ಲಿಗೆ ಹರಿದರೆ ಕಥೆ ಮುಗಿಯಿತು. ಅದಕ್ಕೇ 1970ರ ದಶಕದಲ್ಲಿ ಕ್ರಾಂಜಿ ಜಲಾಶಯದ ಕಡೆಯ ಸಾಕಣೆದಾರರನ್ನು ದ್ವೀಪದ ಈಶಾನ್ಯದ ಪುಂಗೋಲ್‌ಗೆ ಕಳಿಸಿದರು. 1984ರಲ್ಲಿ ಹಂದಿ ಸಾಕಣೆಯನ್ನೇ ಹಂತಹಂತವಾಗಿ ನಿಲ್ಲಿಸುವ ತೀರ್ಮಾನ ಬಂತು. ಅಂದರೆ ಗೊಬ್ಬರ ನಿಭಾಯಿಸಲಿಲ್ಲ, ಹಂದಿಗಳನ್ನೇ ಬಿಟ್ಟುಕೊಟ್ಟರು. ತಲೆಮಾರುಗಳಿಂದ ಸಾಕಿಕೊಂಡು ಬಂದವರಿಗೆ ಎಷ್ಟು ಕಷ್ಟವಾಗಿರಬೇಕು, ಅಲ್ವಾ?

ಮಾಲ್ಟಾ ಸಾಕಣೆ ಉಳಿಸಿಕೊಂಡಿತು. ಅಲ್ಲಿನ ನೆಲ ಸುಣ್ಣಕಲ್ಲು, ತುಂಬ ಬಿರುಕು. ಮೇಲೆ ತೆಳು ಮಣ್ಣು. ಹೊಲಕ್ಕೆ ಸುರಿದ, ನೀರು ಬೆರೆತ ತೆಳು ಗೊಬ್ಬರದ ಸಾರಜನಕ ಮಳೆ ಜೊತೆ ಕೆಳಗಿಳಿದು, ಕುಡಿಯಲೂ ಬಳಸುವ ಅಂತರ್ಜಲದಲ್ಲಿ ನೈಟ್ರೇಟ್ ಎಂಬ ಲವಣವಾಗಿ ಕೂರುತ್ತದೆ. ಹಾಗಾಗಿ ಇಡೀ ದೇಶವೇ ಐರೋಪ್ಯ ಒಕ್ಕೂಟದ ನೈಟ್ರೇಟ್ ನಿಯಮ ಬಿಗಿಯಾಗಿ ಅನ್ವಯಿಸುವ ವಲಯ: ಪ್ರಾಣಿ ಗೊಬ್ಬರದಿಂದ ಹೆಕ್ಟೇರಿಗೆ ವರ್ಷಕ್ಕೆ 170 ಕೆಜಿ ಸಾರಜನಕ, ಅದಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಚಳಿಗಾಲದ ಮಳೆ ಹೊತ್ತಿನಲ್ಲಿ ಹೊಲಕ್ಕೆ ಹಾಕುವುದೂ ನಿಷಿದ್ಧ. ಅಷ್ಟು ತಿಂಗಳು ಗೊಬ್ಬರವನ್ನು ಸೋರದ ತೊಟ್ಟಿಯಲ್ಲಿ ಇಡಬೇಕು. ಜಾಗವೇ ಇಲ್ಲದ ಊರಲ್ಲಿ ನಿಜವಾದ ಖರ್ಚು ಆ ತೊಟ್ಟಿಯದ್ದೇ. ನೀವು ಹೋಲಿಸುವಾಗ ಹಂದಿಗಳ ಲೆಕ್ಕಕ್ಕಿಂತ ಮೊದಲು ಅದನ್ನು ನೋಡಿ.