ಕೀ ಕಳೆದುಹೋಗಿದ್ದರೂ ವಿಂಡೋಸ್ ಮತ್ತೆ ಹಾಕಬಹುದಾ?

2017ರಲ್ಲಿ ತಗೊಂಡ ಲ್ಯಾಪ್‌ಟಾಪ್, ವಿಂಡೋಸ್ 10 ಅದರಲ್ಲೇ ಬಂದಿತ್ತು. ಈಗ ಫಾರ್ಮ್ಯಾಟ್ ಮಾಡಬೇಕು, ಆದರೆ ಅದರ ಕೀ (ವಿಂಡೋಸ್ ಅಸಲಿ ಅಂತ ತೋರಿಸುವ 25 ಅಕ್ಷರದ ಸಂಕೇತ) ಎಲ್ಲೂ ಬರೆದಿಟ್ಟಿಲ್ಲ. ರಿಪೇರಿ ಅಂಗಡಿಯವರು ಹೊಸ ಕೀ ಕೊಳ್ಳಿ ಅಂತಿದ್ದಾರೆ. ಇದು ತಾನೇ ನಿಮ್ಮ ಪ್ರಶ್ನೆ? ದಯವಿಟ್ಟು ಸುಮ್ನೆ ದುಡ್ಡು ಕೊಡಬೇಡಿ. ನಿಮ್ಮ ಕೀ ಲ್ಯಾಪ್‌ಟಾಪ್ ಒಳಗೇ ಇದೆ.

2012ರಲ್ಲಿ ವಿಂಡೋಸ್ 8 ಬಂದ ಮೇಲೆ, ವಿಂಡೋಸ್ ಹಾಕಿಯೇ ಮಾರುವ ಲ್ಯಾಪ್‌ಟಾಪ್‌ಗಳಲ್ಲಿ ಕೀಯನ್ನು ಮದರ್‌ಬೋರ್ಡ್‌ನ ಬಯಾಸ್ ಚಿಪ್‌ನಲ್ಲೇ (ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಂ ಇರುವ ಚಿಪ್) ಬರೆದಿಡುತ್ತಾರೆ. ಡಿಸ್ಕ್ ಫಾರ್ಮ್ಯಾಟ್ ಆದರೂ, ಹೊಸ ಎಸ್‌ಎಸ್‌ಡಿ ಹಾಕಿದರೂ ಅದಕ್ಕೇನೂ ಆಗಲ್ಲ. ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ಅದನ್ನು ತಾನೇ ಓದಿಕೊಳ್ಳುತ್ತದೆ. ಕೀ ಕೇಳಿದರೆ 'ನನ್ನ ಬಳಿ ಕೀ ಇಲ್ಲ' ಅನ್ನುವುದನ್ನು ಒತ್ತಿ ಮುಂದೆ ಹೋಗಿ. ಆದರೆ ವಿಂಡೋಸ್‌ನಲ್ಲಿ ಹೋಮ್, ಪ್ರೊ ಅಂತ ಬೇರೆ ಬೇರೆ ಆವೃತ್ತಿ ಇವೆ: ಮೊದಲು ಹೋಮ್ ಇದ್ದರೆ ಹೋಮನ್ನೇ ಹಾಕಿ, ಪ್ರೊ ಇದ್ದರೆ ಪ್ರೊ. ಇಲ್ಲಿ ತಪ್ಪಿದರೆ ಆಕ್ಟಿವೇಟ್ ಆಗಲ್ಲ. ಅಂಗಡಿಗಳಲ್ಲಿ ಕಣ್ಣುಮುಚ್ಚಿ ಪ್ರೊ ಹಾಕಿಬಿಡುವುದನ್ನು ನಾನು ನೋಡಿದ್ದೇನೆ.

ಕೀ ನೋಡಲೇಬೇಕು ಅನಿಸಿದರೆ ಶೋಕೀಪ್ಲಸ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಈಗ ಹಾಕಿರುವ ಕೀ, ಮದರ್‌ಬೋರ್ಡ್‌ನಲ್ಲಿರುವ ಕೀ ಎರಡನ್ನೂ ಬೇರೆ ಬೇರೆ ತೋರಿಸುತ್ತದೆ. ಕೊನೆಯ ಐದು ಅಕ್ಷರ 8ಎಚ್‌ವಿಎಕ್ಸ್7 ಅಥವಾ 3ವಿ66ಟಿ ಇದ್ದರೆ ಅದನ್ನು ಜೋಪಾನ ಮಾಡುವ ಅಗತ್ಯ ಇಲ್ಲ. ಅದು ಲಕ್ಷಾಂತರ ಕಂಪ್ಯೂಟರ್‌ಗಳಲ್ಲಿ ಇರುವ ಸಾಮಾನ್ಯ ಕೀ, ನಿಮ್ಮದೊಂದೇ ಅಲ್ಲ.

ನನಗೆ ಜಾಸ್ತಿ ಚಿಂತೆ ಆಗಿದ್ದು ನೀವು ಕೊನೆಗೆ ಬರೆದ ಒಂದು ಸಾಲಿನ ಬಗ್ಗೆ: 'ಆಫೀಸ್ 2010 ಕೂಡ ಇದೆ.' ಅದರ ಕೀ ಮದರ್‌ಬೋರ್ಡ್‌ನಲ್ಲಿ ಇರಲ್ಲ, ಡಿಸ್ಕ್‌ನಲ್ಲಿ ಇರುತ್ತದೆ. ಫಾರ್ಮ್ಯಾಟ್ ಆದರೆ ಹೋಯಿತು. ಹಾಗಾಗಿ ಈಗಲೇ, ವಿಂಡೋಸ್ ಇನ್ನೂ ತೆರೆಯುತ್ತಿರುವಾಗಲೇ, ಪ್ರೊಡ್ಯುಕೀ ಅನ್ನುವ ಸಾಫ್ಟ್‌ವೇರ್ ಓಡಿಸಿ ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಅದನ್ನು ಮಾಡಿದ ನಿರ್‌ಸಾಫ್ಟ್ ಸೈಟಿನಿಂದಲೇ ಇಳಿಸಿಕೊಳ್ಳಿ. ಆಂಟಿವೈರಸ್ ಕಿರುಚಬಹುದು, ಕೀ ಓದುವ ಸಾಫ್ಟ್‌ವೇರ್ ಕಂಡರೆ ಅದಕ್ಕೆ ಅನುಮಾನ. ಆಫೀಸ್ 2013 ಅಥವಾ ಹೊಸದಾಗಿದ್ದರೆ ಈ ದಾರಿ ಇಲ್ಲ. ಅದರಲ್ಲಿ ಕೊನೆಯ ಐದು ಅಕ್ಷರ ಮಾತ್ರ ಉಳಿದಿರುತ್ತದೆ, ಕೊಂಡಾಗ ಬಳಸಿದ ಮೈಕ್ರೋಸಾಫ್ಟ್ ಅಕೌಂಟನ್ನೇ ಹುಡುಕಬೇಕು.

ನಮ್ಮ ಮಾವನ ಅಂಗಡಿಯ ಕಂಪ್ಯೂಟರ್‌ನಲ್ಲಿ ನಾನು ಇದನ್ನು ಮಾಡದೆ ಫಾರ್ಮ್ಯಾಟ್ ಮಾಡಿಬಿಟ್ಟಿದ್ದೆ. ಉಳಿದದ್ದು ಆಫೀಸ್ ಡಿವಿಡಿ ಬಾಕ್ಸಿನ ಸ್ಟಿಕ್ಕರ್ ಒಂದೇ. ಅದೂ ಸವೆದಿತ್ತು. ಮಾವ ಟಾರ್ಚನ್ನು ಓರೆಯಾಗಿ ಹಿಡಿದರು, ನಾನು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಆಗ ಕೈಹಿಡಿದದ್ದು ಒಂದು ವಿಷಯ. ಆ ಕಾಲದ 25 ಅಕ್ಷರದ ಕೀಗಳಲ್ಲಿ ಇಂಗ್ಲಿಷ್ ಸ್ವರಗಳು ಬರುವುದೇ ಇಲ್ಲ. ಎಲ್, ಎನ್, ಎಸ್, ಝಡ್ ಇಲ್ಲ. 0, 1, 5 ಕೂಡ ಇಲ್ಲ. (ವಿಂಡೋಸ್ 8ರಿಂದ ಈಚೆಗೆ ಎನ್ ಸೇರಿದೆ.) ಅಂದರೆ ಸೊನ್ನೆ ಥರ ಕಂಡದ್ದು ಡಿ ಅಥವಾ ಕ್ಯೂ ಇರಬೇಕು, 5ರ ಹಾಗೆ ಕಂಡದ್ದು ಅರ್ಧ ಅಳಿಸಿದ 6 ಇರಬೇಕು. ಕೊನೆಗೆ ಎರಡು ಕಡೆ ಮಾತ್ರ 8 ಇದೆಯೋ ಬಿ ಇದೆಯೋ ಗೊತ್ತಾಗಲಿಲ್ಲ. ಒಟ್ಟು ನಾಲ್ಕೇ ಸಾಧ್ಯತೆ, ಅಲ್ವಾ? ಮೂರನೆಯದಕ್ಕೆ ಒಪ್ಪಿಕೊಂಡಿತು.

ನಿಮ್ಮ ಬಳಿಯೂ ಅಂಥ ಬಾಕ್ಸ್ ಇದ್ದು ಓದಲು ಆಗದಿದ್ದರೆ, ಪೂರ್ತಿ ಕೀಯ ಫೋಟೋ ಇಲ್ಲಿ ಹಾಕಬೇಡಿ, ಯಾರಾದರೂ ಬಳಸಿಬಿಡುತ್ತಾರೆ. ಯಾವ ಅಕ್ಷರ ಅನುಮಾನ ಅಂತ ಅಷ್ಟೇ ಬರೆಯಿರಿ, ಕೂತು ನೋಡೋಣ.